ಚಿಕ್ಕಪ್ಪ ಮತ್ತು ಹನ್ನೆರಡು ಕುಲಗಳು

ನಮ್ಮ ಚಿಕ್ಕಪ್ಪ ಅಮೆರಿಕದ ಎಡಿಸನ್‌ನಲ್ಲಿ ವಾಸಿಸುತ್ತಾರೆ ಎನ್ನುವುದು ಟ್ಯಾಕ್ಸ್ ಆಫೀಸಿನವರ ನಂಬಿಕೆ. ಅವರ ನಿಜವಾದ ವಾಸ ಸಾವಿರಾರು ವರ್ಷಗಳ ಹಿಂದಿನ, ಬೈಬಲಿನ ಇಸ್ರಾಯೇಲ್ಯರ ನಡುವೆ. ದೇಶ ಹಂಚಿಕೊಂಡಾಗ ಅವರ ಹನ್ನೆರಡು ಕುಲಗಳಲ್ಲಿ ಯಾರಿಗೆ ಯಾವ ಬೆಟ್ಟ ಬಂತು, ಯಾರ ಗಡಿ ಯಾವ ಹಳ್ಳಕ್ಕೆ ಇಳಿದು ಯಾವ ದಿಣ್ಣೆ ಹತ್ತಿತು, ಎಲ್ಲವೂ ಅವರಿಗೆ ಕಂಠಪಾಠ. ಕಸದ ಡಬ್ಬಿಯನ್ನು ಯಾವ ದಿನ ಹೊರಗಿಡಬೇಕೆಂದು ಮಾತ್ರ ಚಿಕ್ಕಮ್ಮ ಹೇಳಬೇಕು.

ನಾವು ಚಾಮರಾಜನಗರ ಕಡೆಯ ಕ್ರೈಸ್ತರು. ಮನೆಯವರೆಲ್ಲ ಭಾನುವಾರ ಚರ್ಚಿನಲ್ಲಿ ಕೇಳಿದ್ದನ್ನು ಸೋಮವಾರದ ಹೊತ್ತಿಗೆ ಶಿಸ್ತಾಗಿ ಮರೆಯುತ್ತೇವೆ. ಐಟಿ ಕೆಲಸದಿಂದ ರಿಟೈರ್ ಆದ ಮೇಲೆ ಚಿಕ್ಕಪ್ಪ ಮರೆಯುವುದನ್ನು ನಿಲ್ಲಿಸಿದರು. ಕಷ್ಟ ಶುರುವಾದದ್ದೇ ಆಗ.

ಪಕ್ಕದ ಮನೆಯ ಗುಜರಾತಿ ಅಂಕಲ್ ಹೊಸ ಬೇಲಿ ಹಾಕಿಸಲು ಹೊರಟಾಗ, ನೆರೆಯವನ ಗಡಿಕಲ್ಲು ಸರಿಸಿದವನಿಗೆ ಆ ಕಾಲದಲ್ಲಿ ಎಂಥ ಶಾಪವಿತ್ತೆಂದು ಚಿಕ್ಕಪ್ಪ ವಿವರವಾಗಿ ತಿಳಿಸಿಕೊಟ್ಟರು. ಹೆದರಿದ ಅಂಕಲ್ ಸರ್ವೆ ಮಾಡಿಸಿದರು. ನೋಡಿದರೆ ಚಿಕ್ಕಪ್ಪನ ಟೊಮ್ಯಾಟೊ ಪಾತಿಯೇ ಅಂಕಲ್ ಜಾಗದಲ್ಲಿತ್ತು. "ಲೇವಿ ಕುಲದವರಿಗೆ ಜಮೀನಿನಲ್ಲಿ ಪಾಲೇ ಇರ್ಲಿಲ್ಲ, ಗೊತ್ತಾ?" ಎನ್ನುತ್ತಾ ಗಿಡಗಳನ್ನು ಕಿತ್ತು ತಂದರು.

ನಾನು ಮಾರಿಸ್‌ಟೌನ್‌ಗೆ ಮನೆ ಬದಲಿಸಿದ ದಿನ ಕರೆಯದೇ ಬಂದರು. ಯೊರ್ದನ್ ನದಿಯ ಈಚೆ ದಡದಲ್ಲೇ ಜಾಗ ಸಿಕ್ಕಿದ್ದ ಕುಲದವರೂ, ಆಚೆ ದಡದಲ್ಲಿ ಅಣ್ಣತಮ್ಮಂದಿರಿಗೆ ನೆರವಾಗಿ, ಅವರು ನೆಲೆಯಾಗುವ ತನಕ ಮನೆಗೆ ಮರಳಲಿಲ್ಲವಂತೆ. ಎಷ್ಟು ಒಳ್ಳೆಯ ಮಾತು! ಅದನ್ನು ಅವರು ಸೋಫಾದ ಮೇಲೆ ಕುಳಿತು ಹೇಳಿದರು. ಆ ಸೋಫಾ ಎತ್ತಬೇಕಿದ್ದ ನಾನೂ ಅಕ್ಕನೂ ನಿಂತು ಕೇಳಿದೆವು.

ಕಳೆದ ವರ್ಷ ತಾತನ ಜಮೀನು ಭಾಗ ಮಾಡುವ ಮಾತು ಬಂತು. ತಾತನಿಗೆ ಮೂವರು ಗಂಡುಮಕ್ಕಳು: ದೊಡ್ಡಪ್ಪ, ನಮ್ಮಪ್ಪ, ಚಿಕ್ಕಪ್ಪ. ಅಪ್ಪ ತೀರಿಕೊಂಡಿದ್ದರು; ಅವರಿಗೆ ನಾವಿಬ್ಬರು ಹೆಣ್ಣುಮಕ್ಕಳೇ. ಮೈಸೂರಿನಿಂದ ದೊಡ್ಡಪ್ಪನ ಮಗ ವಿಡಿಯೋ ಕಾಲ್‌ನಲ್ಲಿ ಬಹಳ ವಿನಯದಿಂದ, "ಅವರಿಬ್ಬರೂ ಅಮೆರಿಕದಲ್ಲಿ ಸೆಟ್ಲ್ ಆಗಿದ್ದಾರೆ. ಜಮೀನು ತಗೊಂಡು ಏನ್ಮಾಡ್ತಾರೆ? ಎರಡೇ ಭಾಗ ಮಾಡೋಣ" ಎಂದ.

ಎಡಿಸನ್‌ನ ಡೈನಿಂಗ್ ಟೇಬಲ್ ಬಳಿ ಕುಳಿತಿದ್ದ ನಾವು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. ಗಂಡುಮಕ್ಕಳಿಲ್ಲದೆ ಸತ್ತವನೊಬ್ಬನ ಐವರು ಹೆಣ್ಣುಮಕ್ಕಳು ಇಡೀ ಇಸ್ರಾಯೇಲ್ ಸಭೆಯ ಎದುರು ನಿಂತು ಅಪ್ಪನ ಪಾಲು ಕೇಳಿ ಪಡೆದ ಪ್ರಸಂಗ ಹೊರಬಿತ್ತು. ಕಾಲ್‌ನಲ್ಲಿದ್ದ ಮೈಸೂರಿನ ನೆಂಟರಲ್ಲಿ ಒಬ್ಬೊಬ್ಬರದೇ ನೆಟ್‌ವರ್ಕ್ ಕೆಡತೊಡಗಿತು.

"ಚಿಕ್ಕಪ್ಪ, ಅದು ಅಲ್ಲಿನ ಕಥೆ. ಇದು ಚಾಮರಾಜನಗರ," ಎಂದ ಕೊನೆಗೆ ಕಾಲ್‌ನಲ್ಲಿ ಉಳಿದಿದ್ದ ದೊಡ್ಡಪ್ಪನ ಮಗ.

"ಹೆಣ್ಣುಮಕ್ಕಳು ಎರಡೂ ಕಡೆ ಹೆಣ್ಣುಮಕ್ಕಳೇ ಕಣಪ್ಪ. ಮೂರು ಭಾಗ ಆಗದೆ ನಾನು ಸೈನ್ ಹಾಕಲ್ಲ."

"ಹೋಗ್ಲಿ ಬಿಡಿ ಚಿಕ್ಕಪ್ಪ," ಎಂದೆ ನಾನು. ಅವರು ಬಿಡಲಿಲ್ಲ. ಮಂಡಿನೋವಿಗೆ ಪಟ್ಟಿ ಸುತ್ತಿಕೊಂಡು, ಹೇಳಿದರೂ ಕೇಳದೆ, ಜಮೀನಿನ ಅಳತೆಗೆಂದು ಊರಿನ ವಿಮಾನ ಹತ್ತಿದರು. ಪಾಪ, ಅಳೆಯಲು ಬರುವ ಸರ್ವೆಯರ್‌ನ ಗತಿಯೇನು ಎಂದು ಅಕ್ಕ ಮರುಗಿದಳು. ಸರ್ವೆಯರ್ ಗಟ್ಟಿಗನೇ ಇದ್ದ. ಕುಲಗಳ ಗಡಿವರ್ಣನೆಯನ್ನು ಪೂರ್ತಿ ಕೇಳಿ, "ಸರ್, ಆ ಇಸ್ರಾಯೇಲ್ ಜಮೀನಿನ ಪಹಣಿ ತಂದಿದ್ದೀರಾ?" ಎಂದನಂತೆ.

ಆದರೂ ಅಳತೆ ಮೂರು ಭಾಗವಾಗಿಯೇ ನಡೆಯಿತು. ಕೊನೆಗೆ ದೊಡ್ಡಪ್ಪನ ಮಗನೂ ಒಪ್ಪಿದ. ನ್ಯಾಯಕ್ಕೋ, ಇನ್ನೊಂದು ಪ್ರಸಂಗ ಕೇಳಬೇಕಾದೀತೆಂಬ ಭಯಕ್ಕೋ, ತಿಳಿಯದು.

ಚಿಕ್ಕಪ್ಪನನ್ನು ನ್ಯೂಆರ್ಕ್ ವಿಮಾನ ನಿಲ್ದಾಣದಿಂದ ಕರೆತರಲು ಹೋದೆ. ಎಡಿಸನ್ ಮುಟ್ಟುವ ತನಕ ಭಾಷಣ ಖಚಿತ ಎಂದುಕೊಂಡಿದ್ದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಮಂಡಿ ನೋವೇನೋ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಎಡಿಸನ್ ಹತ್ತಿರವಾದಾಗ ಹೇಳಿದರು:

"ಅಳತೆಗೆ ಮುಂಚೆ ಖಾತೆದಾರರ ಹೆಸರು ಒಂದೊಂದಾಗಿ ಕೂಗಿದರು. ನಿಮ್ಮಪ್ಪನ ಹೆಸರೂ ಕೂಗಿದರು. ಯಾರೂ ಓಗೊಡಲಿಲ್ಲ. ಮತ್ತೆ ಕೂಗಿದರು. ನನಗೆ ತಡೆಯೋಕಾಗ್ಲಿಲ್ಲಮ್ಮ. 'ಇದ್ದಾನೆ' ಅಂದುಬಿಟ್ಟೆ."