ಕೇಳಿಕೊಂಡು ಬಂದವರು

ಗುಟ್ಟು ಇಟ್ಟುಕೊಳ್ಳುವುದಕ್ಕೂ ಒಂದು ಮುಖ ಬೇಕು. ನನಗೆ ಅದಿಲ್ಲ. ಬುಟ್ಟಿಯಲ್ಲಿ ಎರಡು ಮಾವಿನಹಣ್ಣು ಕಡಿಮೆಯಾದರೆ ನಮ್ಮ ಮನೆಯಲ್ಲಿ ತನಿಖೆ ನಡೆಯುವುದಿಲ್ಲ. ನನ್ನ ಮುಖ ನೋಡುತ್ತಾರೆ, ಅಷ್ಟೇ. ಇಂಥ ನಾನು ಐವತ್ತೆರಡನೆಯ ವಯಸ್ಸಿನಲ್ಲಿ ಹೆಸರಿಲ್ಲದ ಪತ್ರ ಬರೆದೆ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಹೆಣ್ಣುಮಕ್ಕಳ ಖಾಸಗಿ ವಸತಿನಿಲಯವೊಂದರಲ್ಲಿ ನಾನು ಗುಮಾಸ್ತ. ಕಳೆದ ಬೇಸಿಗೆಯಲ್ಲಿ ಅಲ್ಲಿಯ ಹುಡುಗಿಯರಿಗೆ ಒಬ್ಬರ ಹಿಂದೊಬ್ಬರಿಗೆ ವಾಂತಿ-ಭೇದಿ ಹತ್ತಿತು. ಮಾಳಿಗೆಯ ಮೇಲಿನ ನೀರಿನ ಟಾಕಿ ತೆಗೆಸಿ ನೋಡೋಣ ಎಂದೆ. "ಟಾಕಿ ಛಲೋ ಐತ್ರಿ. ಹುಡುಗ್ಯಾರು ಹೊರಗ ಪಾನಿಪುರಿ ತಿಂತಾರ. ನಿಮ್ಮ ಕೆಲಸ ನೀವು ನೋಡ್ರಿ," ಎಂದರು ಮ್ಯಾನೇಜರು. ನಾನು ನನ್ನ ಕೆಲಸ ನೋಡಿದೆ. ಮೂರನೆಯ ದಿನ ಒಬ್ಬ ಹುಡುಗಿಯನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗುವಾಗ ಅವಳ ಒಂದು ಚಪ್ಪಲಿ ನನ್ನ ಮೇಜಿನ ಮುಂದೆ ಬಿತ್ತು. ಸಂಜೆಯವರೆಗೂ ಅದು ಅಲ್ಲೇ ಇತ್ತು. ಅದರ ಎದುರು ಕೂತು ರಜಿಸ್ಟರು ತುಂಬುವುದು ನನ್ನಿಂದ ಆಗಲಿಲ್ಲ.

ಪಕ್ಕದ ಕಾಲೇಜಿನ ಗ್ರಂಥಪಾಲಕರಾದ ಪಾಟೀಲರಿಗೆ ಇಂಥ ವಿದ್ಯೆಗಳೆಲ್ಲ ಗೊತ್ತು. ಪರದೇಶದ ಒಂದು ಗುಪ್ತ ಇ-ಮೇಲ್ ಸೇವೆಯ ಬಗ್ಗೆ ಹೇಳಿದರು. "ಪತ್ರ ಅವರ ಪೆಟ್ಟಿಗ್ಯಾಗ ಇರತಾವ, ಕೀಲಿ ಮಾತ್ರ ನಿಮ್ಮ ಕಡೆ. ಸರ್ಕಾರನ ಬಂದು ಕೇಳಿದ್ರೂ ಅವರಿಗೆ ಓದಾಕ ಬರಂಗಿಲ್ಲ." ಆ ಮಾತು ನನಗೆ ಕವಚದಂತೆ ಕಂಡಿತು. 'ಒಬ್ಬ ನಾಗರಿಕ' ಎಂಬ ಹೆಸರಿನಲ್ಲಿ ಖಾತೆ ತೆರೆದು ಆರೋಗ್ಯ ಇಲಾಖೆಗೆ ಉದ್ದನೆಯ ದೂರು ಕಳಿಸಿದೆ.

ಅದಾದ ಕೆಲವು ವಾರಗಳಿಗೆ ಪೊಲೀಸರೂ ಇಲಾಖೆಯವರೂ ಬಂದು ಟಾಕಿ ತೆಗೆಸಿದರು. ಒಳಗೆ ಪಾರಿವಾಳಗಳಿದ್ದವು. ಎಷ್ಟು ದಿನದಿಂದ ಇದ್ದವೋ, ರೆಕ್ಕೆ ಯಾವುದು ಕೆಸರು ಯಾವುದು ತಿಳಿಯುತ್ತಿರಲಿಲ್ಲ. ಹಗ್ಗ ಕಟ್ಟಿ ಚೀಲ ಇಳಿಸುವಾಗ ಹುಡುಗಿಯರು ಸಾಲಾಗಿ ನಿಂತು ನೋಡಿದರು. ನೀರು ಬದಲಾಯಿತು, ಹುಡುಗಿಯರು ಚೇತರಿಸಿಕೊಂಡರು, ಮ್ಯಾನೇಜರು ರಜೆ ಹಾಕಿದರು. ಎಲ್ಲ ನನ್ನ ಪತ್ರದ ಪ್ರತಾಪ ಎಂದುಕೊಂಡು ಆ ದಿನ ಎರಡು ತುಂಡು ಪೇಢೆ ಹೆಚ್ಚೇ ತಿಂದೆ.

ಮುಂದಿನ ವಾರ ಆ ಇ-ಮೇಲ್ ಸೇವೆಯವರಿಂದಲೇ ಒಂದು ಪತ್ರ ಬಂತು. ಬಹಳ ವಿನಯದ ಪತ್ರ. ನಿಮ್ಮ ದೇಶದ ಪೊಲೀಸರು ನಮ್ಮ ನ್ಯಾಯಾಲಯದ ಮೂಲಕ ನಿಮ್ಮ ಖಾತೆಯ ವಿವರ ಕೇಳಿದ್ದರು. ಇಷ್ಟು ದಿನ ನಿಮಗೆ ತಿಳಿಸಬಾರದೆಂದು ಆದೇಶವಿತ್ತು, ಅದರ ಅವಧಿ ಈಗ ಮುಗಿದಿದೆ. ನಿಮ್ಮ ಪತ್ರಗಳನ್ನು ಓದಲು ನಮಗೆ ಬರುವುದಿಲ್ಲ, ಹೀಗಾಗಿ ಕೊಟ್ಟಿಲ್ಲ. ನಮ್ಮಲ್ಲಿದ್ದದ್ದನ್ನು ಕೊಟ್ಟಿದ್ದೇವೆ: ಖಾತೆ ತೆರೆದ ದಿನ, ಮತ್ತು ಪಾಸ್‌ವರ್ಡ್ ಮರೆತರೆ ಇರಲೆಂದು ನೀವು ನೀಡಿದ ಇನ್ನೊಂದು ವಿಳಾಸ.

ಆಫೀಸಿನ ಫ್ಯಾನು ತಿರುಗುತ್ತಲೇ ಇತ್ತು, ನನಗೆ ಮಾತ್ರ ಗಾಳಿ ತಾಗುತ್ತಿರಲಿಲ್ಲ. ಕಳೆದ ದಿನಗಳೆಲ್ಲ ಒಂದೊಂದಾಗಿ ತಿರುಗಿ ನನ್ನನ್ನು ನೋಡತೊಡಗಿದವು. ಆ ದಿನಗಳಲ್ಲಿ ಹೆಂಡತಿಯ ಮೊಬೈಲು ರಿಂಗಾಗುತ್ತಿತ್ತು. ನಾನು ಎತ್ತಿದರೆ ಆಚೆ ಕಡೆ ಉಸಿರು ಕೇಳಿಸಿ ಕಟ್ಟಾಗುತ್ತಿತ್ತು. ಒಬ್ಬಾತ ಗೇಟಿನ ಬಳಿ ನಿಂತು ಬಾಗಿಲ ಮೇಲಿನ ನಮ್ಮ ಹೆಸರನ್ನು ತುಟಿ ಅಲ್ಲಾಡಿಸಿ ಓದಿ, ಏನೂ ಕೇಳದೆ ಹೋಗಿದ್ದ. ಹೆಂಡತಿ ಸುಮಂಗಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಏನು ಎಂದರೆ, "ಏನಿಲ್ಲ, ಉಣ್ಣರಿ" ಎನ್ನುತ್ತಿದ್ದಳು.

ಆಗ ನೆನಪಾಯಿತು. ನಾನು ಪಾಸ್‌ವರ್ಡ್ ಮರೆಯುವವನೆಂದು ಖಾತೆ ತೆರೆಯುವಾಗ ಅವಳ ವಿಳಾಸ ಕೊಟ್ಟಿದ್ದೆ. ಪೊಲೀಸರಿಗೆ ಸಿಕ್ಕಿದ್ದು ನಾನಲ್ಲ, ಅವಳು.

ಸುಮಂಗಲಾ ಹೆಬ್ಬಳ್ಳಿಯ ಸರ್ಕಾರಿ ಶಾಲೆಯ ಶಿಕ್ಷಕಿ. ಸಂಜೆ ಬಂದು ಕಾಲು ತೊಳೆದುಕೊಳ್ಳುತ್ತಿದ್ದವಳ ಮುಂದೆ ಫೋನು ಹಿಡಿದೆ. ಓದಿ ಮುಗಿಸಿ ಸೆರಗಿನಿಂದ ಕೈ ಒರೆಸಿಕೊಂಡಳು.

"ಮೂರು ಸಲ ಹೋಗಿ ಬಂದೇನಿ ಠಾಣೆಗೆ. ಇಲಾಖೆಯವರು ಆ ದೂರಿನ ನಕಲು ಹಾಸ್ಟೆಲ್ಲಿಗೆ ಕಳಿಸಿದ್ದರಂತ. ಯಾರೋ ಸಂಸ್ಥಾಕ್ಕ ಬೆದರಿಕಿ ಹಾಕ್ಯಾರಂತ ನಿಮ್ಮ ಮ್ಯಾನೇಜರು ಫಿರ್ಯಾದು ಕೊಟ್ಟಿದ್ದರು. ದೂರು ನಾನ ಬರದೇನಿ ಅಂದೆ."

"ನೀ ಯಾಕ?"

"ಇಲಾಖೆಗೆ ಬಂದ ಕಾಗದ ಓದಿ ಹೇಳಿದರು. ಅದರಾಗ ಹನ್ನೊಂದು ಸಲ 'ತನ್ಮೂಲಕ' ಇತ್ತು. ಯಾರು ಬರದಾರಂತ ನನಗ ಬ್ಯಾರೆ ಯಾರೂ ಹೇಳಬೇಕಾಗಿರಲಿಲ್ಲ." ತಂಬಿಗೆ ಎತ್ತಿಟ್ಟು ಹೇಳಿದಳು: "ನಿಮ್ಮ ಹೆಸರು ಬಂದ್ರ ಮರುದಿನ ನಿಮ್ಮನ್ನ ಕೆಲಸದಿಂದ ತಗೀತಿದ್ದರು, ಟಾಕಿ ಹಂಗ ಉಳೀತಿತ್ತು. ನನ್ನ ತಗಿಯೂದು ಅವರ ಕೈಯಾಗಿಲ್ಲ. ನನ್ನ ಮ್ಯಾಲೆ ಕೇಸು ಹಾಕೂದಕ್ಕ ಮೊದಲ ಆ ಟಾಕಿ ತಗದು ನೋಡ್ರಿ ಅಂದೆ. ನೋಡಿದರು."

"ನನಗೊಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ರ ನಿಮ್ಮ ಮಾರಿ ನೋಡೇ ಮ್ಯಾನೇಜರಿಗೆ ತಿಳೀತಿತ್ತು."

ಆ ರಾತ್ರಿ ಅರ್ಧ ರೊಟ್ಟಿ ಬಿಟ್ಟು ಎದ್ದೆ. ಒಂದು ತಿಂಗಳು ನನ್ನ ಎದುರಿಗೇ ಕೂತು ಉಂಡವಳು ಯಾರೋ ಬೇರೆಯವಳು ಅನ್ನಿಸಿತು. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಾನೇ ಠಾಣೆಗೆ ಹೋದೆ. ಮ್ಯಾನೇಜರ ಫಿರ್ಯಾದು ಇನ್ನೂ ಮುಕ್ತಾಯವಾಗಿರಲಿಲ್ಲ. ಮಹಿಳಾ ಸಬ್ ಇನ್‌ಸ್ಪೆಕ್ಟರ್ ಎದುರು ನಿಂತು, "ಮೇಡಮ್, ಆ ದೂರು ಬರದಾಂವ ನಾನು," ಎಂದೆ.

ಅವರು ನನ್ನ ಹೆಸರು ಕೇಳಿ, ಕಡತ ತೆಗೆದು, ಬೆರಳಿಟ್ಟು ಒಂದು ಪುಟ ಓದಿದರು. ನನ್ನ ಬಗ್ಗೆ ಸರ್ಕಾರದ ಬಳಿ ಒಂದು ಪುಟ ಇತ್ತು!

"ಇಲ್ಲಿ ನಿಮ್ಮ ಮನಿಯವರ ಹೇಳಿಕಿ ಐತ್ರಿ, ಸಹಿ ಸಮೇತ," ಎಂದು ಗಟ್ಟಿಯಾಗಿ ಓದಿದರು: "'ನಮ್ಮ ಯಜಮಾನರಿಗೆ ಇದೇನೂ ಗೊತ್ತಿಲ್ಲ. ಅವರು ಹಲ್ಲಿ ಕಂಡರೂ ಅಂಜುತ್ತಾರೆ. ಯಾರ ವಿರುದ್ಧವೂ ಒಂದು ಸಾಲು ಬರೆಯುವ ಧೈರ್ಯ ಅವರಿಗೆ ಇಲ್ಲ.'" ಕಡತ ಮುಚ್ಚಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾವೂ ವಿಚಾರಿಸಿವಿ. ನಿಮ್ಮ ಓಣ್ಯಾಗ ಎಲ್ಲಾರೂ ಅದನ್ನ ಹೇಳಿದರು. ಹೆಂಡತಿನ್ನ ಉಳಸಾಕ ಬಂದೀರಿ, ಛಲೋ ಆತು. ಹೋಗಿ ಬರ್ರಿ."

ಇನ್ನೊಮ್ಮೆ ಹೇಳಬಹುದಿತ್ತು. ಮೇಜು ಗುದ್ದಿ, ನಾನೇ ಎನ್ನಬಹುದಿತ್ತು. "ಬರ್ತೇನ್ರಿ ಮೇಡಮ್," ಎಂದು ಕೈಮುಗಿದೆ. ಹೊರಗೆ ಬಿಸಿಲಿಗೆ ಬಂದಾಗ ನನಗೆ ನಾಚಿಕೆಯಾಗಬೇಕಾಗಿತ್ತು. ನಿಜ ಹೇಳುತ್ತೇನೆ, ಜೀವ ಹಗುರಾಗಿ, ಕಾಲುಗಳು ಆಗಲೇ ಬಸ್ ಸ್ಟಾಪಿನ ಕಡೆ ಓಡುತ್ತಿದ್ದವು.