ಒಂದು ತಿಂಗಳು ಪುಕ್ಕಟೆ

"ಇನ್ನ ಮ್ಯಾಲ ಈ ಮನಿಯೊಳಗ ಒಂದೇ ಒಂದು ವೈರಸ್ ಕಾಲಿಟ್ರೂ ನಾ ಗಣಿತ ಕಲಿಸೂದ ಬಿಡ್ತೇನಿ!"

ಚನ್ನಬಸಯ್ಯ ಮಾಸ್ತರು ಇಂಡಿ ಪಟ್ಟಣದ ತಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಇಂಥದೊಂದು ಘೋರ ಪ್ರತಿಜ್ಞೆ ಮಾಡಿದಾಗ ಎದುರಿಗಿದ್ದದ್ದು ಇಬ್ಬರೇ. ಒಂದು ಹೆಂಡತಿ ಜಯಮಾಲಾ, ಇನ್ನೊಂದು ಕಂಪ್ಯೂಟರ್. ಜಯಮಾಲಾಗೆ ಸಿಟ್ಟು ಏರಿತ್ತು, ಕಂಪ್ಯೂಟರಿಗೆ ಜ್ವರ ಏರಿತ್ತು.

ಸಿಟ್ಟಿಗೆ ಕಾರಣವಿತ್ತು. ಜಯಮಾಲಾ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಆ ವರ್ಷ, ಅಂದರೆ ಎರಡು ಸಾವಿರದ ಒಂಬತ್ತರಲ್ಲಿ, ಒಂದು ಖಾಸಗಿ ಶಾಲೆಯ ಎರಡನೂರಾ ಹನ್ನೆರಡು ಮಕ್ಕಳ ಯೂನಿಫಾರ್ಮ್ ಹೊಲಿಯುವ ದೊಡ್ಡ ಆರ್ಡರು ಅವಳಿಗೆ ಸಿಕ್ಕಿತ್ತು. ಜೂನ್ ಒಂದಕ್ಕೆ ಕೊಡಬೇಕು. ಎಲ್ಲ ಮಕ್ಕಳ ಅಳತೆಯನ್ನೂ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದಳು. ಮಾಸ್ತರು ಎಲ್ಲಿಂದಲೋ ಪ್ರಶ್ನೆಪತ್ರಿಕೆಯ ಪೆನ್ ಡ್ರೈವ್ ತಂದು ಚುಚ್ಚಿದರು ನೋಡಿ, ಅಳತೆಯೆಲ್ಲ ಮಾಯ! ಫೋಲ್ಡರ್ ತೆರೆದರೆ ಒಳಗೊಂದು ಫೋಲ್ಡರ್, ಅದರೊಳಗೆ ಮತ್ತೊಂದು. ಉಳ್ಳಾಗಡ್ಡಿ ಸುಲಿದಂತೆ ಸುಲಿದರೂ ಕೊನೆಗೆ ಸಿಕ್ಕದ್ದು ಕಣ್ಣೀರು ಮಾತ್ರ. ಮಾರ್ಚಿನ ಬಿಸಿಲಲ್ಲಿ ಆಕೆ ಮನೆಮನೆಗೆ ಹೋಗಿ ಮಕ್ಕಳನ್ನೆಲ್ಲ ಮತ್ತೆ ಅಳೆದು ಬಂದಳು.

ಹೀಗಾಗಿ ಮಾಸ್ತರು ಆಂಟಿವೈರಸ್ ಹುಡುಕಲು ಹೊರಟರು. ಸುಮ್ಮನೆ ಹುಡುಕಿದರೇ? ಮಗಳಿಗೆ ವರ ನೋಡುವವರೂ ಅಷ್ಟು ನೋಡಲಿಕ್ಕಿಲ್ಲ! ದೊಡ್ಡ ಹಾಳೆಯ ಮೇಲೆ ಕೋಷ್ಟಕ ಬರೆದರು. ಹನ್ನೊಂದು ಕಂಪನಿ, ಒಂದೊಂದಕ್ಕೂ ಹತ್ತು ಗುಣ, ಒಂದೊಂದು ಗುಣಕ್ಕೂ ಅಂಕ. ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ತಬ್ರೇಜನನ್ನೂ ಕಂಡರು. ಪಕ್ಕದ ಮನೆಯ ಮೆಹರುನ್ನಿಸಾಳ ಮಗ ಅವನು.

"ಸರ, ಈ ಆಂಟಿವೈರಸ್ ಡಬ್ಬಿ ಒಯ್ರಿ," ಎಂದ ತಬ್ರೇಜ. "ಒಂದು ವರ್ಷ ನಡೀತೈತಿ. ಮುಗದ್ರ ಮತ್ತ ಬರ್ರಿ. ಬರಲಿಲ್ಲಂದ್ರ ನಾ ಏನ್ ನಿಮ್ಮ ಬೆನ್ನು ಹತ್ತೂದಿಲ್ಲ."

"ಇಷ್ಟು ಸಾದಾ ಇದ್ದದ್ದು ಛಲೋ ಇರಾಕ ಹ್ಯಾಂಗ ಸಾಧ್ಯೋ?" ಎಂದು ಮಾಸ್ತರು ಅವನಿಗೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟು ಬಂದರು.

ನೂರಕ್ಕೆ ತೊಂಬತ್ತೇಳು ಅಂಕ ಪಡೆದು ಪಾಸಾದದ್ದು ಇಂಟರ್ನೆಟ್ಟಿನಲ್ಲಿ ಸಿಕ್ಕ 'ಟೈಗರ್ ದಿವಾರ್'. ಮೊದಲ ತಿಂಗಳು ಪೂರಾ ಪುಕ್ಕಟೆ! ಅರ್ಧ ತಾಸಿಗೊಮ್ಮೆ ಪರದೆಯ ಮೇಲೆ ಹುಲಿ ಬಂದು ಗರ್ಜಿಸುತ್ತಿತ್ತು. ಮೊದಲನೇ ಗರ್ಜನೆಗೇ ಜಯಮಾಲಾಳ ಕತ್ತರಿ ಜಾರಿ, ಒಂದು ಅಂಗಿಯ ಕಾಲರು ಖಲ್ಲಾಸ್!

"ಅಲ್ರೀ, ಪುಕ್ಕಟೆ ಅಂದಮ್ಯಾಲ ನಿಮ್ಮ ಕಾರ್ಡಿನ ನಂಬರ್ ಯಾಕ ಕೇಳಾಕತ್ತೈತಿ ಇದು?"

"ಅದು ಬರೇ ಫಾರ್ಮಾಲಿಟಿ. ಇಂಟರ್ನ್ಯಾಷನಲ್ ಪದ್ಧತಿ. ನಿನಗ ತಿಳಿಯೂದಿಲ್ಲ ಬಿಡು."

ಅವಳಿಗೆ ತಿಳಿಯದ ಪದ್ಧತಿಗೆ ಮಾಸ್ತರು ಹದಿನಾರು ಅಂಕಿ ಒಪ್ಪಿಸಿದರು. ಅದು ಬ್ಯಾಂಕಿನವರು ಗಂಟುಬಿದ್ದು ಕೊಟ್ಟ, ಸಣ್ಣ ಮಿತಿಯ ಕ್ರೆಡಿಟ್ ಕಾರ್ಡು. ಮೇ ಹದಿನೈದರೊಳಗೆ ಸೊಲ್ಲಾಪುರಕ್ಕೆ ಹೋಗಿ, ಅದೇ ಕಾರ್ಡಿನ ಮೇಲೆ ಜಯಮಾಲಾಗೆ ಬಟ್ಟೆಯ ಅಂಚು ಬಿಗಿಯುವ ಇಂಟರ್‌ಲಾಕ್ ಮಷಿನ್ ಕೊಡಿಸುವುದೆಂದು ಮಾತಾಗಿತ್ತು. ಆ ಮಷಿನ್ ಇಲ್ಲದೆ ಅಷ್ಟು ಬಟ್ಟೆ ಹೊಲಿದು ಮುಗಿಸುವುದು ಸಾಧ್ಯವೇ ಇರಲಿಲ್ಲ.

ತಿಂಗಳು ಮುಗಿದ ಮರುದಿನ ಮನೆಯ ಮೊಬೈಲಿಗೆ ಒಂದು ಸಂದೇಶ ಬಂತು. ಮಾಸ್ತರ ಪುಣ್ಯ, ಅವರೇ ಮೊದಲು ನೋಡಿದರು. ಕಾರ್ಡಿನಿಂದ ಮೂರು ಸಾವಿರ ಕಟ್! ಟೈಗರ್ ದಿವಾರ್ ತನ್ನನ್ನು ತಾನೇ ಮೂರು ವರ್ಷಕ್ಕೆ ನವೀಕರಿಸಿಕೊಂಡಿತ್ತು. ಕೇಳಲಿಲ್ಲ, ಹೇಳಲಿಲ್ಲ.

ಮಾಸ್ತರು ಸಂದೇಶ ಅಳಿಸಿದರು. ಹೆಂಡತಿ ಮಾರ್ಕೆಟ್ಟಿಗೆ ಹೋದ ಸಮಯ ನೋಡಿ ಕಂಪ್ಯೂಟರ್ ಮುಂದೆ ಕೂತು 'ರದ್ದು ಮಾಡಿ' ಒತ್ತಿದರು. ಪರದೆಯ ಮೇಲೆ ಒಂದು ಹುಲಿಮರಿ ಕಣ್ಣೀರು ಸುರಿಸುತ್ತ ಬಂತು. ನಿಜವಾಗಿಯೂ ಬಿಟ್ಟು ಹೋಗುತ್ತೀರಾ? ಹೌದು. ಇನ್ನೊಮ್ಮೆ ಯೋಚಿಸಿದಿರಾ? ಹೌದು. ಯಾಕೆ ಬೇಸರ? ಹನ್ನೆರಡು ಕಾರಣಗಳಲ್ಲಿ ಒಂದನ್ನು ಆರಿಸಿರಿ. ಮಾಸ್ತರು ಪ್ರಾಮಾಣಿಕ ಮನುಷ್ಯ, ಹನ್ನೆರಡನ್ನೂ ಓದಿ ಆರಿಸಿದರು. ಕೊನೆಗೆ ಎರಡು ಗುಂಡಿ ಬಂದವು. ಒಂದು ಅಂಗೈಯಗಲದ ಹಸಿರು ಗುಂಡಿ, 'ಮುಂದುವರಿಯಿರಿ' ಎಂದು. ಅದರ ಕೆಳಗೆ ಇರುವೆಯಂಥ ಬೂದು ಅಕ್ಷರದಲ್ಲಿ ಇನ್ನೇನೋ. ರದ್ದತಿಯೇ ಮುಂದುವರಿಯುತ್ತದೆಂದು ತಿಳಿದು ಮಾಸ್ತರು ಹಸಿರನ್ನು ಗಟ್ಟಿಯಾಗಿ ಒತ್ತಿದರು.

ಪಟಾಕಿ ಹಾರಿದವು! ಹುಲಿಮರಿ ಕುಣಿಯಿತು! ಅಭಿನಂದನೆಗಳು, ನೀವೀಗ ಪ್ಲ್ಯಾಟಿನಂ ಸದಸ್ಯರು! ಐದು ವರ್ಷ, ಹತ್ತು ಕಂಪ್ಯೂಟರ್!

ಮನೆಯಲ್ಲಿದ್ದದ್ದು ಒಂದು. ಉಳಿದ ಒಂಬತ್ತನ್ನು ಎಲ್ಲಿಂದ ತರೋಣ ಎಂದು ಮಾಸ್ತರು ಬೆವರುತ್ತಿದ್ದಾಗಲೇ ಬಾಗಿಲಲ್ಲಿ ಮೊಬೈಲು 'ಟಿಣ್' ಎಂದಿತು. ಈ ಸಲ ಅದು ಜಯಮಾಲಾಳ ಕೈಯಲ್ಲಿತ್ತು. ಚೀಲ ಕೆಳಗಿಟ್ಟು ಓದಿದಳು.

"ಏನ್ರೀ, ನಾಲ್ಕು ಸಾವಿರದ ಎರಡನೂರು ಹೋತಂತ. ಹುಲಿ ಅಂತ ಬರದಾರ. ಖರೇನ ಹುಲಿ ಕೊಂಡಿರೇನು?"

ಮಾಸ್ತರು ಎಲ್ಲವನ್ನೂ ಒಪ್ಪಿಕೊಂಡರು, ಮೊದಲ ಮೂರು ಸಾವಿರದ ಸಮೇತ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಹೊಲಿದಿಟ್ಟ ಅಂಗಿಯೊಂದರ ದಾರವನ್ನು ಹಲ್ಲಿನಿಂದ ಕಡಿದು, ಮೆಲ್ಲಗೆ ಹೇಳಿದಳು:

"ಇನ್ನ ಮಷಿನ್ನಿಗೆ ಕಾರ್ಡು ಸಾಲೂದಿಲ್ಲ. ಜೂನ್ ಒಂದಕ್ಕ ಆ ಹುಡುಗ್ರು ಏನ್ ತೊಟ್ಕೋಬೇಕ್ರಿ? ನಿಮ್ಮ ಕೋಷ್ಟಕಾನ?"

ಮಾಸ್ತರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಂಡಿಯ ನೆಲ ಗಟ್ಟಿ, ಬಿಡಲಿಲ್ಲ.

ಜಯಮಾಲಾ ಅವರನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು. ದಿನಕ್ಕೆ ನೂರು ಸಲ ಸೂಜಿಗೆ ದಾರ ಪೋಣಿಸುವ ಕಣ್ಣು ಅದು. ಮಾಸ್ತರು ಬಿಟ್ಟ ಇರುವೆ ಅಕ್ಷರಗಳನ್ನೆಲ್ಲ ಒಂದೊಂದಾಗಿ ಹಿಡಿದಳು. ಅರ್ಧ ತಾಸಿನಲ್ಲಿ ಸಿಕ್ಕಿತು! ಹಣ ಕಡಿತವಾಗಿ ಮೂವತ್ತು ದಿನದೊಳಗೆ ಬೇಡವೆಂದರೆ ಪೂರ್ತಿ ವಾಪಸು. ಅದರ ಕೆಳಗೆ, ಇರುವೆಯ ಮರಿಯಷ್ಟು ಸಣ್ಣದಾಗಿ, ಫೋನ್ ನಂಬರು.

"ಆ ಕಡೆಯವರು ಹಿಂದಿ ಮಾತಾಡ್ತಾರ. ಹೋಗ್ರಿ, ಮೆಹರುನ್ನಿಸಾನ ಕರಕೊಂಬರ್ರಿ."

ಮೆಹರುನ್ನಿಸಾ ಸಾಮಾನ್ಯಳಲ್ಲ. ತನ್ನ ತೋಟದ ನಿಂಬೆಹಣ್ಣನ್ನು ತಾನೇ ಹರಾಜಿನ ಸವಾಲಿಗೆ ಒಯ್ದು, ದಲಾಲರು ಒಂದು ಹೇಳಿದರೆ ಮೂರು ಹೇಳಿ ಬರುವಾಕೆ. ಸಂಗತಿ ಕೇಳಿ ಸೆರಗು ಸಿಕ್ಕಿಸಿಕೊಂಡು ಬಂದಳು. ಫೋನಿನ ಸ್ಪೀಕರ್ ಹಚ್ಚಿದರು. ಇಪ್ಪತ್ತು ನಿಮಿಷ ಸಂಗೀತ ಬಂತು. ಇಬ್ಬರೂ ಆ ಸಂಗೀತಕ್ಕೆ ಕಾಲರು ಕತ್ತರಿಸುತ್ತ ಕೂತರು.

ಕೊನೆಗೂ ಒಬ್ಬ ಪ್ರತಿನಿಧಿ ಸಿಕ್ಕ. ಹಿಂದಿಯಲ್ಲಿ ಬೆಣ್ಣೆ ಸವರಿದ. ಮೆಹರುನ್ನಿಸಾ ಹಿಂದಿಯಲ್ಲೇ ಕಾರ ಅರೆದಳು. ಜಯಮಾಲಾ ಕನ್ನಡದಲ್ಲಿ ಒಗ್ಗರಣೆ ಕೊಟ್ಟಳು.

"ಮ್ಯಾಡಮ್, ಅರ್ಧ ಬೆಲೆಗೆ ಕೊಡುತ್ತೇವೆ."

"ಬೇಡ."

"ಕಾಲು ಬೆಲೆಗೆ?"

ಮೆಹರುನ್ನಿಸಾ ಹೇಳಿದ್ದರ ಕನ್ನಡ ಇದು: "ತಮ್ಮಾ, ತಾಸಿನ ಹಿಂದ ನಾಲ್ಕು ಸಾವಿರಕ್ಕಿದ್ದ ಹುಲಿ ಈಗ ಒಂದು ಸಾವಿರಕ್ಕ ಬಂತು. ನಾಳೆ ಸಂತ್ಯಾಗ ಬೆಕ್ಕಿನ ರೇಟಿಗೆ ಸಿಗ್ತೈತೇನ?"

ಆತ ಮೇಲಿನವರಿಗೆ ಫೋನ್ ಕೊಡುತ್ತೇನೆಂದ. ಮೇಲಿನವನು ಬಂದ. ಹಣ ವಾಪಸು ಆಗುತ್ತದೆ, ಈಗ ಫೋನ್ ಇಡಿ ಎಂದ.

"ರದ್ದಾತು ಅಂತ ಮೇಲ್ ಬರಲಿ, ಆಮ್ಯಾಲ ಇಡ್ತೇವಂತ ಹೇಳು," ಎಂದಳು ಜಯಮಾಲಾ. "ಎರಡೂ ಕಡಿತದ್ದು. ನವೀಕರಣ ಬಂದ್ ಅಂತನೂ ಬರದಿರಬೇಕು. ಕಾರ್ಡಿನ ನಂಬರೂ ತಗೀಬೇಕು."

"ಎರಡು ದಿನ ಆಗುತ್ತದೆ ಮ್ಯಾಡಮ್."

"ಆಗಲಿ. ಎರಡು ದಿನ ಹಿಡ್ಕೊಂಡು ಕೂಡ್ತೇವಿ. ನಮ್ಮಲ್ಲಿ ಇನ್ನೂ ನೂರಾ ಎಂಬತ್ತು ಕಾಲರು ಅದಾವ."

ಆರು ನಿಮಿಷದಲ್ಲಿ ಮೇಲ್ ಬಂತು! ಎಲ್ಲವೂ ಬರೆದಿತ್ತು. ಜಯಮಾಲಾ ಎರಡು ಸಲ ಓದಿ ತಲೆಯಾಡಿಸಿದಳು. ಸೋತ ದನಿಯಲ್ಲಿ ಆತ ತನ್ನ ಕಡೆಯ ಪಾಠ ಒಪ್ಪಿಸಿದ, ನಿಮಗೆ ಬೇರೇನಾದರೂ ಸಹಾಯ ಬೇಕೇ?

"ನಮಗ ಬ್ಯಾಡ. ನಿನಗ ನಿಂಬೆಹಣ್ಣು ಬೇಕೇನು?" ಎಂದಳು ಮೆಹರುನ್ನಿಸಾ. "ಒಂದು ತಿಂಗಳು ಪುಕ್ಕಟೆ. ನಿನ್ನ ಕಾರ್ಡಿನ ನಂಬರ್ ಹೇಳು!"

ಆ ಕಡೆ ಫೋನು ಕಟ್ಟಾಯಿತು. ಈ ಕಡೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಮಾಸ್ತರು ನಗಬೇಕೋ ಬೇಡವೋ ತಿಳಿಯದೆ ಮೊದಲು ಕೆಮ್ಮಿ, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕರು.

ಒಂಬತ್ತನೇ ದಿನಕ್ಕೆ ಹಣ ಕಾರ್ಡಿಗೆ ಬಂತು. ಇಂಟರ್‌ಲಾಕ್ ಮಷಿನ್ನು ಸೊಲ್ಲಾಪುರದಿಂದ ಬಸ್ಸಿನ ತಲೆಯ ಮೇಲೆ ಮಹಾರಾಣಿಯಂತೆ ಬಂದಿಳಿಯಿತು. ಜೂನ್ ಒಂದರಂದು ಎರಡನೂರಾ ಹನ್ನೆರಡು ಮಕ್ಕಳು ಹೊಸ ಅಂಗಿ ತೊಟ್ಟು ಸಾಲಾಗಿ ಶಾಲೆಗೆ ಹೋಗುವಾಗ ಜಯಮಾಲಾ ಮತ್ತು ಮೆಹರುನ್ನಿಸಾ ಕಟ್ಟೆಯ ಮೇಲೆ ಕೂತು ದಂಡು ನೋಡುವ ಸೇನಾಪತಿಗಳಂತೆ ನೋಡಿದರು. ಕಂಪ್ಯೂಟರಿಗೆ ತಬ್ರೇಜನ ಡಬ್ಬಿ ಬಂತು. ಅದು ಗರ್ಜಿಸುತ್ತಿರಲಿಲ್ಲ, ತನ್ನ ಪಾಡಿಗೆ ವೈರಸ್ ಹಿಡಿಯುತ್ತಿತ್ತು.

ಮಾಸ್ತರು ಮಾತ್ರ ಸ್ಟಾಫ್ ರೂಮಿನಲ್ಲಿ ಗರ್ಜಿಸಿದರು. "ಫಾರಿನ್ ಕಂಪನೀನ ಮಣಿಸಿಬಿಟ್ವಿ ನೋಡ್ರಿ! ಒಂದು ತಾಸಿನ್ಯಾಗ!" ಆ 'ವಿ' ಅಕ್ಷರದೊಳಗೆ ಯಾರು ಯಾರಿದ್ದಾರೆಂದು ಬಿಡಿಸಿ ಹೇಳಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಮುಂದಿನ ಭಾನುವಾರ ಹೆಡ್ ಮಾಸ್ತರ್ ಸೋಮನಿಂಗಪ್ಪನವರೇ ಮನೆಗೆ ಬಂದರು. ಚನ್ನಬಸಯ್ಯ ಮಾಸ್ತರು ಕೂದಲು ಬಾಚಿ, ಪೆನ್ನು ಕಿಸೆಗೆ ಸಿಕ್ಕಿಸಿ, ಎದೆ ಸೆಟೆಸಿ ಬಾಗಿಲು ತೆರೆದರು.

"ಬರ್ರಿ ಸರ, ಕೂಡ್ರಿ! ಏನ್ ಸಮಸ್ಯಾ ಹೇಳ್ರಿ!"

"ನನ್ನ ಮೊಬೈಲಿಗೆ ಫೋನ್ ಮಾಡಿದವ್ರಿಗೆ ಕೇಳೂವಂಗ ಯಾವನೋ ಕುಣಿಯೂ ಹಾಡು ಹಚ್ಯಾನ್ರಿ. ತಿಂಗಳಾ ಮೂವತ್ತು ರೂಪಾಯಿ ತಾನ ಕಡಕೋತೈತಿ. ಮೊನ್ನಿ ಮ್ಯಾಲಿನ ಸಾಹೇಬ್ರು ಫೋನ್ ಮಾಡಿದ್ರ 'ಏನ್ ಸೋಮನಿಂಗಪ್ಪ, ಆಫೀಸಿನ್ಯಾಗ ಬ್ಯಾಂಡ್ ಇಟ್ಟೀರೇನು' ಅಂದ್ರು!"

"ಅದೇನ್ ದೊಡ್ಡದಲ್ಲ ಸರ. ಇಲ್ಲಿ ಕೊಡ್ರಿ, ಹಸಿರು ಗುಂಡಿ ಒತ್ತಿದ್ರ..."

ಹೆಡ್ ಮಾಸ್ತರರು ಮೊಬೈಲನ್ನು ಗಪ್ಪನೆ ಎದೆಗೆ ಅವಚಿಕೊಂಡರು.

"ಮಾಸ್ತರ, ನೀವು ಮುಟ್ಟಬ್ಯಾಡ್ರಿ! ಮನಿಯಾಗ ಜಯಮಾಲಾ ಬಾಯಾರು ಅದಾರಿಲ್ಲೋ?"

ಒಳಗಿನಿಂದ ಮಷಿನ್ನಿನ ಸದ್ದು ನಿಂತಿತು. ಜಯಮಾಲಾಳ ದನಿ ಬಂತು.

"ಬಂದೆರೀ ಸರ! ಏನ್ರೀ, ಅಲ್ಲಿತನಕ ನೀವು ಚಾ ಇಡ್ರಿ. ಸರ್ ಅವರಿಗೆ ಸಕ್ಕರಿ ಕಡಿಮಿ. ಡಬ್ಬಿ ಮ್ಯಾಲ ಬರದಿದ್ದು ಓದಿ ಹಾಕ್ರಿ ಮತ್ತ, ಉಪ್ಪಿಂದೂ ಬಾಜೂಕ್ಕ ಐತಿ!"