ದೊರೆಸಾನಿಗೆ ಎಣ್ಣೆಸ್ನಾನ

ಮೊದಲೇ ಒಪ್ಪಿಕೊಂಡುಬಿಡ್ತೇನೆ. ದೀಪಾವಳಿಯ ಬೆಳಿಗ್ಗೆ, ಊರಿಗೆ ಊರೇ ಮೈಗೆ ಎಣ್ಣೆ ಹಚ್ಚಿ ಹಂಡೆ ನೀರು ಮೀಯುವ ಹೊತ್ತಿಗೆ, ಒಂದು ಬೆಕ್ಕನ್ನು ಹಿಡಿದು ನೆತ್ತಿಯಿಂದ ಬಾಲದ ತುದಿವರೆಗೆ ತೆಂಗಿನೆಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ ಮೀಯಿಸಿದ ಮಹಾಪುರುಷ ಪುತ್ತೂರು ಪೇಟೆಯಲ್ಲಿ ಯಾರಾದರೂ ಇದ್ದರೆ ಅದು ನಾನೇ. ಅದೂ ಯಾರ ಬೆಕ್ಕು? ನನ್ನ ಸೋದರಮಾವನ ಬೆಕ್ಕು! ಅದರ ಬದಲು ಕಾಡಿಗೆ ಹೋಗಿ ಹುಲಿಗೆ ಎಣ್ಣೆ ಹಚ್ಚಿದ್ದರೆ ಒಳ್ಳೇದಿತ್ತು. ಹುಲಿಯಾದರೆ ಒಂದೇ ಸಲ ತಿಂದು ಮುಗಿಸ್ತದೆ. ಮಾವ ಹಾಗಲ್ಲ, ಸ್ವಲ್ಪ ಸ್ವಲ್ಪವೇ ತಿನ್ನುದು.

ಸಾಕಿದ ಬೆಕ್ಕನ್ನು ಮನೆಯವರು ಮೀಯಿಸಬೇಕಾ ಬೇಡ್ವಾ? ಈ ಪ್ರಶ್ನೆ ನಿಮಗೆ ತಮಾಷೆಯಾಗಿ ಕಾಣಬಹುದು. ನನ್ನ ಮಾವನಿಗೆ ಅದು ತಮಾಷೆ ಅಲ್ಲ. ದೇವರು ಉಂಟಾ ಇಲ್ವಾ ಎಂಬ ವಿಷಯದಲ್ಲಿ ಬೇಕಾದರೆ ಅವರು ನಿಮ್ಮ ಹತ್ತಿರ ರಾಜಿ ಮಾಡಿಕೊಂಡಾರು, ಬೆಕ್ಕಿನ ಸ್ನಾನದ ವಿಷಯದಲ್ಲಿ ಇಲ್ಲ. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿತು. ಆಣೆ ಹೋಗಿ ನಯಾ ಪೈಸೆ ಬಂತು. ಎರಡನ್ನೂ ಮಾವ ತುಟಿ ಬಿಚ್ಚದೆ ಒಪ್ಪಿಕೊಂಡರು. ಆದರೆ ಬೆಕ್ಕಿನ ಮೇಲೆ ಒಂದು ಚೊಂಬು ನೀರು ಹೊಯ್ಯಲಿಕ್ಕೆ ಯಾವ ಸರಕಾರ ಬಂದರೂ ಬಿಡಲಿಕ್ಕಿಲ್ಲ ಅಂತ ಅವರ ಹಟ.

ಮಾವನದ್ದು ಪುತ್ತೂರಿನಲ್ಲಿ ಬಸ್ಸು ನಿಲ್ಲುವಲ್ಲಿ ಒಂದು ಹೋಟೆಲು. ಹೋಟೆಲು ಅಂದ ಕೂಡಲೇ ದೊಡ್ಡದಾಗಿ ಎಂತ ಎಣಿಸಿಕೊಳ್ಳಬೇಡಿ. ನಾಲ್ಕಾರು ಬೆಂಚು, ಗೋಳಿಬಜೆ ಇಡುವ ಒಂದು ಗಾಜಿನ ಕಪಾಟು, ಒಂದು ಗಲ್ಲಾ, ಹಿಂದುಗಡೆ ನಾವಿರುವ ಮನೆ. ಮಾವ ಮದುವೆ ಆದವರಲ್ಲ. ಅವರು, ಅವರ ಅಮ್ಮ ಅಂದರೆ ನನ್ನ ಅಜ್ಜಿ, ಮತ್ತೆ ನಾನು. ನಾನು ಇಚಿಲಂಪಾಡಿಯಿಂದ ಓದಲಿಕ್ಕೆ ಅಂತ ಬಂದವ. ಎಸ್ಸೆಸ್ಸೆಲ್ಸಿಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಡುಮ್ಕಿ ಹೊಡೆದು, ಆ ಅನುಭವದ ಬಲದಲ್ಲಿ ಗಲ್ಲಾದಲ್ಲಿ ಕೂರುವ ಹುದ್ದೆಗೆ ಏರಿದವ.

ಏರಿದ್ದು ಹೆಸರಿಗೆ ಮಾತ್ರ. ಗಲ್ಲಾದ ಮೇಜಿನ ಮೇಲೆ ಕೂರುತ್ತಿದ್ದದ್ದು ದೊರೆಸಾನಿ. ಬಿಳಿ ಮೈ, ಒಂದು ಕಿವಿ ಮಾತ್ರ ಕಪ್ಪು, ಯಾರು ಬಂದರೂ ಅರ್ಧ ಕಣ್ಣಲ್ಲಿ ನೋಡುವ ಗತ್ತು. ಬ್ರಿಟಿಷರು ಹೋಗುವಾಗ ಮರೆತು ಬಿಟ್ಟುಹೋದವರ ಹಾಗೆ ಕಾಣ್ತಾಳೆ ಅಂತ ಮಾವನೇ ಆ ಹೆಸರಿಟ್ಟದ್ದು. ನನಗೆ ಪಕ್ಕದಲ್ಲಿ ಕಾಲು ಮುರಿದ ಒಂದು ಸ್ಟೂಲು. ನಾನೊಮ್ಮೆ ಇದು ಎಲ್ಲಿಯ ನ್ಯಾಯ ಅಂತ ಕೇಳಿದ್ದಕ್ಕೆ, ಅವಳು ನೋಡಿದರೆ ಗಿರಾಕಿಗಳಿಗೆ ಹೆದರಿಕೆ ಆಗ್ತದೆ, ನೀನು ನೋಡಿದರೆ ನಗೆ ಬರ್ತದೆ ಅಂದರು ಮಾವ.

ಒಂದು ದಿನ ಸುಳ್ಯದ ಬಸ್ಸಿಗೆ ಕಾಯುತ್ತಿದ್ದ ಗಿರಾಕಿಯೊಬ್ಬ ಒಳಗೆ ಬಂದ. ಬೆಂಚಿನಲ್ಲಿ ದೊರೆಸಾನಿ ಕಾಲು ಚಾಚಿ ಮಲಗಿ ಮೈ ನೆಕ್ಕಿಕೊಳ್ತಿದ್ದಳು. ಅವನಿಗೆ ಕೂರಲಿಕ್ಕೆ ಅಸಹ್ಯ.

"ಇದನ್ನು ಮೀಯಿಸುದು ಯಾವಾಗ ಭಟ್ರೆ?" ಅಂತ ಕೇಳಿದ.

"ನೀವು ಮಿಂದದ್ದು ಯಾವಾಗ?" ಮಾವ ಗೋಳಿಬಜೆ ತಿರುಗಿಸುತ್ತಲೇ ಕೇಳಿದರು.

"ಬೆಳಿಗ್ಗೆ."

"ಅದು ಬೆಳಿಗ್ಗೆ ಶುರು ಮಾಡಿದ್ದು ಇನ್ನೂ ಮೀಯ್ತಾ ಉಂಟು. ನೀವು ಆಚೆ ಬೆಂಚಿಗೆ ಹೋಗಿ ಮಾರಾಯ್ರೆ, ನಿಮ್ಮ ಧೂಳು ಅದಕ್ಕೆ ತಾಗುದು ಬೇಡ."

ಆ ಮನುಷ್ಯ ಮತ್ತೆ ನಮ್ಮಲ್ಲಿಗೆ ಬರಲೇ ಇಲ್ಲ. ಗಿರಾಕಿಯನ್ನು ಕಳಕೊಳ್ಳುವ ವಿದ್ಯೆಯಲ್ಲಿ ಮಾವನನ್ನು ಮೀರಿಸಿದವರು ಪುತ್ತೂರಿನಿಂದ ಕಡಬದ ವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ.

ಬಿಡದೆ ಬರುತ್ತಿದ್ದವರು ಇಬ್ಬರು. ಒಬ್ಬರು ನರಿಮೊಗರು ಕಡೆಯ ಮಾಸ್ಟ್ರು. ಅವರು ಪೇಪರು ಓದುವವರು, ಹಾಗಾಗಿ ಅವರಿಗೆ ಪ್ರಪಂಚದ ಯಾವ ಮೂಲೆಯಲ್ಲಿ ಯಾರು ಹೇಗೆ ಬದುಕ್ತಾರೆ ಅಂತ ಗೊತ್ತು. ವಿಲಾಯತಿಯಲ್ಲಿ ಬೆಕ್ಕಿಗೆ ಅಂತಲೇ ಬೇರೆ ಸಾಬೂನು ಉಂಟು, ಬೇರೆ ತೊಟ್ಟಿ ಉಂಟು, ಮಿಂದ ಮೇಲೆ ಒರೆಸಲಿಕ್ಕೆ ಬೇರೆ ಬೈರಾಸು ಉಂಟು ಅಂತ ಅವರು ಒಂದು ಸಂಜೆ ಇಡೀ ಹೇಳಿದರು. ಮಾವ ತಾಳ್ಮೆಯಿಂದ ಕೇಳಿದರು. ಕೊನೆಗೆ, "ಅಲ್ಲಿಯವರು ವಾರಕ್ಕೊಮ್ಮೆ ಮೀಯುದಂತಲ್ಲ ಮಾಸ್ಟ್ರೆ? ಉಳಿದ ದಿನದ ನೀರನ್ನು ಎಂತ ಮಾಡುದು ಪಾಪ, ಬೆಕ್ಕಿಗೆ ಹೊಯ್ತಾರೆ," ಅಂದರು.

ಇನ್ನೊಬ್ಬರು ನಮಗೆ ಬಾಳೆಹಣ್ಣು ತಂದು ಹಾಕುತ್ತಿದ್ದ ಬ್ಯಾರಿ ಕಾಕ. ಅವರು ಮಾತಿಗೆ ಬರುವುದು ಕಮ್ಮಿ. ಆ ದಿನ ಮಾತ್ರ ಚಾ ಗ್ಲಾಸು ಕೆಳಗಿಟ್ಟು, ಬೆಕ್ಕು ಕುಡಿದು ಬಿಟ್ಟ ನೀರಿನಲ್ಲಿ ಕೈಕಾಲು ತೊಳೆದು ನಮಾಜಿಗೆ ನಿಲ್ಲಬಹುದು ಅಂತ ನಮ್ಮ ಹಿರಿಯರು ಹೇಳಿದ್ದುಂಟು, ಅಷ್ಟು ಶುದ್ಧ ಅದು, ಅಂದರು. ಅಷ್ಟೇ ಸಾಕಾಯಿತು! ಮಾವ ಆ ಮೇಲೆ ಯಾವ ಗಿರಾಕಿ ಬಂದರೂ "ಕಾಕ, ಅದೊಂದು ಇವರಿಗೆ ಹೇಳಿ," ಅಂತ ಹೇಳಿಸಿ ಹೇಳಿಸಿ, ಕಾಕ ಹಣ್ಣಿನ ಗೊನೆಯನ್ನು ಹೊರಗೇ ಇಟ್ಟು ಓಡುವ ಹಾಗೆ ಮಾಡಿದರು.

ನಾನು ಯಾರ ಪಕ್ಷ? ಮಾಸ್ಟ್ರ ಪಕ್ಷ. ನನ್ನನ್ನು ಬುದ್ಧಿವಂತ ಅಂತ ಒಮ್ಮೆ ಬಾಯಿತಪ್ಪಿ ಹೇಳಿದ್ದು ಲೋಕದಲ್ಲಿ ಅವರೊಬ್ಬರೇ. ಅಂತಹ ಮನುಷ್ಯನ ಕೈ ಬಿಡುದುಂಟಾ?

ಹೀಗಿರುವಾಗ ದೀಪಾವಳಿಗೆ ಸ್ವಲ್ಪ ಮೊದಲು ದೊರೆಸಾನಿ ಮೂರು ಮರಿ ಹಾಕಿದಳು, ಗಲ್ಲಾದ ಅಡಿಯಲ್ಲಿದ್ದ ಚಾಪುಡಿಯ ಮರದ ಪೆಟ್ಟಿಗೆಯಲ್ಲಿ, ಹರಕು ಗೋಣಿಯ ಮೇಲೆ. ಅಲ್ಲಿಂದ ನಮ್ಮ ಹೋಟೆಲು ಬಾಣಂತಿ ಕೋಣೆ ಆಯಿತು. ಗಲ್ಲಾಕ್ಕೆ ಚಿಲ್ಲರೆ ಹಾಕುವಾಗ ಸದ್ದು ಮಾಡಬಾರದು. ಗಿರಾಕಿ ಕೆಮ್ಮುದಾದರೆ ಹೊರಗೆ ಹೋಗಿ ಕೆಮ್ಮಬೇಕು.

ಹಬ್ಬದ ಮುನ್ನಾದಿನ ಮಾವ ನನ್ನ ಅಮ್ಮನಿಗೆ ಸೀರೆ ಕೊಡಲಿಕ್ಕೆ ಇಚಿಲಂಪಾಡಿಗೆ ಹೋದರು. ಬೆಳಗಿನ ಮೊದಲ ಬಸ್ಸಿಗೆ ಬರ್ತೇನೆ, ಹೋಟೆಲು ನೋಡಿಕೋ ಅಂದರು. ಬೆಳಿಗ್ಗೆ ಅಜ್ಜಿ ನನ್ನ ನೆತ್ತಿಗೆ ಎಣ್ಣೆ ಹಾಕಿ ತಿಕ್ಕುತ್ತಾ, ಇವತ್ತು ಈ ಮಾಡಿನ ಅಡಿಯಲ್ಲಿ ಇರುವವರು ಯಾರೂ ಮೀಯದೆ ಇರಬಾರದು, ಹಟ್ಟಿಯ ದನಕ್ಕೂ ಕೊಂಬಿಗೆ ಎಣ್ಣೆ ಹಚ್ಚಿ ಆಯಿತು ಅಂದರು. ನನ್ನ ತಲೆಯಲ್ಲಿ ಎಣ್ಣೆಯ ಜೊತೆಗೆ ಒಂದು ತರ್ಕವೂ ಇಳಿಯಿತು. ದೊರೆಸಾನಿ ಇರುವುದು ಯಾವ ಮಾಡಿನ ಅಡಿಯಲ್ಲಿ? ಅಜ್ಜಿಯ ಶಾಸ್ತ್ರ, ಮಾಸ್ಟ್ರ ವಿಲಾಯತಿ, ಎರಡೂ ನನ್ನ ಕಡೆಗೆ! ಮಾವ ಬರುವಾಗ ಬೆಕ್ಕು ಹೊಳೆಯುತ್ತಾ ಕೂತಿದ್ದರೆ, ಅವರೇ ಸೋತೆ ಅನ್ನಬೇಕಷ್ಟೆ.

ಎಣ್ಣೆ ಹಚ್ಚುವ ವರೆಗೆ ಅವಳು ಸುಮ್ಮನಿದ್ದಳು. ಯಾರೋ ಸೇವೆ ಮಾಡ್ತಿದ್ದಾರೆ ಅಂತ ಎಣಿಸಿರಬೇಕು. ಮೊದಲ ಚೊಂಬು ನೀರು ಬಿದ್ದದ್ದೇ ಗೊತ್ತು, ಆ ಮೇಲೆ ಎಂತ ಆಯಿತೆಂದು ಸರಿಯಾಗಿ ಗೊತ್ತಿಲ್ಲ. ಎಣ್ಣೆ ಹಚ್ಚಿದ ಬೆಕ್ಕನ್ನು ಹಿಡಿದಿಟ್ಟುಕೊಳ್ಳುವ ಉಪಾಯವನ್ನು ವಿಲಾಯತಿಯವರೂ ಕಂಡುಹಿಡಿದಿಲ್ಲ. ಜಾರಿ ಹಾರಿದವಳು ಹಂಡೆ ಒಲೆಯ ಬೂದಿಗೇ ಹಾರಿದಳು. ಎದ್ದು ಬರುವಾಗ ದೊರೆಸಾನಿ ಹೋಗಿ ಮೈಗೆಲ್ಲ ಭಸ್ಮ ಬಳಿದ ಸನ್ಯಾಸಿನಿ! ಬೂದಿ ಹೋಗಲಿಕ್ಕೆ ಸೀಗೆಪುಡಿ ಹಾಕಿದೆ. ಸೀಗೆಪುಡಿ ಹೋಗಲಿಕ್ಕೆ ಕೆಂಪು ಕಾರ್ಬಾಲಿಕ್ ಸಾಬೂನು ತಿಕ್ಕಿದೆ. ನಮ್ಮ ಊರಿಗೆ ರೈಲು ಇನ್ನೂ ಬಂದಿಲ್ಲ. ಹಳಿ ಹಾಕುವವರಿಗೆ ನಕ್ಷೆ ಬೇಕಾದರೆ ನನ್ನ ಎರಡು ಕೈಯಲ್ಲೂ ತಯಾರುಂಟು, ಬಂದು ನೋಡಬಹುದು.

ಆದರೂ ಗೆದ್ದೆ. ಒರೆಸಿ ಒಲೆಯ ಹತ್ತಿರ ಒಣಗಿಸಿದೆ. ಮಲ್ಲಿಗೆ ಹೂವಿನ ಹಾಗೆ ಬೆಳ್ಳಗಾದಳು. ಎತ್ತಿಕೊಂಡು ಹೋಗಿ ಪೆಟ್ಟಿಗೆಯಲ್ಲಿ ಬಿಟ್ಟೆ.

ಮರಿಗಳು ಕುರುಡಾಗಿ ತೆವಳಿಕೊಂಡು ಅವಳ ಹತ್ತಿರ ಬಂದವು. ಮೂಗು ತಾಗಿಸಿದವು. ಮತ್ತೆ ಮುಖ ತಿರುಗಿಸಿ ಬೇರೆ ಕಡೆಗೆ ತೆವಳಿದವು, ಅಮ್ಮ ಇನ್ನೆಲ್ಲೋ ಇದ್ದಾಳೆ ಎಂಬ ಹಾಗೆ ಅಳುತ್ತಾ. ದೊರೆಸಾನಿ ತನ್ನ ಮೈಯನ್ನು ತಾನೇ ಮೂಸಿ ನೋಡಿದಳು. ಪೆಟ್ಟಿಗೆಯಿಂದ ಹಾರಿ ಅಟ್ಟ ಹತ್ತಿ ಕೂತಳು. ಹಾಲು ತೋರಿಸಿ ಕರೆದೆ, ಕಾಲು ಹಿಡಿಯುವ ಹಾಗೆ ಬೇಡಿದೆ, ಇಳಿಯಲಿಲ್ಲ. ಎಲ್ಲಕ್ಕಿಂತ ಸಣ್ಣ ಮರಿ ಸ್ವಲ್ಪ ಹೊತ್ತು ಅತ್ತು, ಆಮೇಲೆ ಅಳುದನ್ನೇ ನಿಲ್ಲಿಸಿತು. ಮುಟ್ಟಿದರೆ ತಣ್ಣಗೆ. ಮಾರಾಯ್ರೆ, ಎಂತ ಸಿಕ್ಕಿದರೂ ಹಾಸ್ಯ ಮಾಡುವ ಬಾಯಿ ನನ್ನದು, ಆ ಬೆಳಿಗ್ಗೆ ಒಣಗಿಹೋಯಿತು.

ಮಾವ ಬಸ್ಸಿಳಿದು ಬಂದರು. ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ! ಏಣಿ ಇಟ್ಟು ಅಟ್ಟ ಹತ್ತಿ ಅವಳನ್ನು ಎತ್ತಿಕೊಂಡು ಇಳಿದರು, ಮೂಸಿ ನೋಡಿದರು.

"ಆಸ್ಪತ್ರೆಯ ವಾಸನೆ," ಅಂದರು. "ಮರಿಗಳಿಗೆ ಕಣ್ಣು ಬಂದಿಲ್ಲ. ಅವಕ್ಕೆ ಅಮ್ಮ ಅಂದರೆ ವಾಸನೆ ಮಾತ್ರ. ನೀನು ಅಮ್ಮನನ್ನೇ ತೊಳೆದು ತೆಗೆದೆ."

ಹಬ್ಬದ ದಿನ, ವರ್ಷದಲ್ಲೇ ಒಳ್ಳೆ ವ್ಯಾಪಾರ ಆಗುವ ದಿನ, ಮಾವ ಹೋಟೆಲಿನ ಬಾಗಿಲು ಹಾಕಿದರು. ಮರಿಗಳನ್ನು ಬನಿಯನಿನ ಒಳಗೆ ಎದೆಗೆ ಸೇರಿಸಿಕೊಂಡರು. ಒದ್ದೆ ಬಟ್ಟೆಯಲ್ಲಿ ದೊರೆಸಾನಿಯ ಹೊಟ್ಟೆಯ ಸಾಬೂನು ಒರೆಸಿ ಒರೆಸಿ ತೆಗೆದರು. ಮತ್ತೆ ಪೆಟ್ಟಿಗೆಯೊಳಗಿನ ಹರಕು ಗೋಣಿಯನ್ನು ತೆಗೆದು, ಹಳೆಯ ವಾಸನೆ ಹಿಡಿಯಲಿ ಅಂತ ಅವಳ ಮೈಗೆ ಮೆಲ್ಲ ತಿಕ್ಕಲಿಕ್ಕೆ ಕೂತರು. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ದೀಪದ ಬತ್ತಿಯನ್ನು ಹಾಲಿಗೆ ಅದ್ದಿ ಮರಿಗಳ ಬಾಯಿಗೆ. ನನ್ನ ಕೆಲಸ ಬತ್ತಿ ಹೊಸೆಯುದು, ಬಾಯಿ ಮುಚ್ಚಿಕೊಂಡು.

ಹೊಸ ಪಂಚೆ ಉಟ್ಟು ಮಾಸ್ಟ್ರು ಹಿಂದಿನ ಬಾಗಿಲಿನಿಂದ ಬಂದರು, ಚಾ ಉಂಟಾ ಅಂತ. ಹಾಲಿಲ್ಲ ಅಂದರು ಮಾವ. ಅಲ್ಲಿ ಉಂಟಲ್ಲ ಅಂದರು ಮಾಸ್ಟ್ರು. ಅದು ಮಕ್ಕಳಿಗೆ ಅಂದರು ಮಾವ. ಮಾಸ್ಟ್ರಿಗೆ ವಿಷಯ ಅರ್ಥ ಆಗಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಮೂರು ಮರಿಗೋಸ್ಕರ ಹಬ್ಬದ ವ್ಯಾಪಾರ ಬಿಡುದಾ ಭಟ್ರೆ? ಊರಲ್ಲಿ ಬೆಕ್ಕಿಗೆ ಬರವಾ?"

"ಊರಲ್ಲಿ ಹೋಟೆಲಿಗೂ ಬರ ಇಲ್ಲ. ಬೇರೆ ಕಡೆ ಹೋಗಿ ಕುಡೀರಿ."

ಮಾಸ್ಟ್ರು ಹೋಗಲಿಲ್ಲ. ನಿಂತು ನೋಡಿದರು. ಆಮೇಲೆ ಹೊಸ ಪಂಚೆಯನ್ನು ಎತ್ತಿ ಕಟ್ಟಿ ಕೆಳಗೆ ಕೂತು, "ಒಂದು ಬತ್ತಿ ಇತ್ತ ಕೊಡು," ಅಂದರು ನನ್ನ ಹತ್ತಿರ. ನನ್ನ ಪಕ್ಷದಲ್ಲಿ ಉಳಿದಿದ್ದ ಒಬ್ಬರೂ ಹೀಗೆ ಆಚೆ ದಾಟಿದರು.

ದೊರೆಸಾನಿ ಮಧ್ಯಾಹ್ನ ಇಡೀ ತನ್ನನ್ನು ತಾನೇ ನೆಕ್ಕಿಕೊಂಡಳು. ನಾನು ಹಾಕಿದ್ದನ್ನೆಲ್ಲ ತೆಗೆದು ತಾನಾಗಲಿಕ್ಕೆ ಅಷ್ಟು ಹೊತ್ತು ಬೇಕಾಯಿತು. ಸಂಜೆ ದೀಪ ಇಡುವ ಹೊತ್ತಿಗೆ ಎದ್ದು, ಮೈ ಮುರಿದು, ತಾನಾಗಿ ಪೆಟ್ಟಿಗೆಗೆ ಇಳಿದಳು. ಎರಡು ಮರಿ ಹಾಲು ಹಿಡಿದವು. ಸಣ್ಣದು ಹಿಡಿಯಲಿಲ್ಲ. ಮಾವ ಇಟ್ಟರು, ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ಮಾಸ್ಟ್ರು ಬತ್ತಿ ಕೆಳಗಿಟ್ಟು ಪೆಟ್ಟಿಗೆಯ ಕಡೆಗೆ ಬಗ್ಗಿದರು. ಕೊನೆಗೆ ಅದರ ಬಾಲದ ಬುಡ ಸ್ವಲ್ಪ ನಡುಗಿ, ಕತ್ತು ಗಟ್ಟಿಯಾಗಿ, ಚಪ ಚಪ ಅಂತ ಸದ್ದು ಕೇಳಿತು. ಮಾವ ಎದ್ದು ಬೈರಾಸು ಕೊಡವಿ ಹೆಗಲಿಗೆ ಹಾಕಿದರು. ಆ ದಿನ ನನ್ನ ಮುಖ ನೋಡಿದ್ದು ಆಗಲೇ ಮೊದಲ ಸಲ.

"ನಾಳೆಯಿಂದ ಬೆಂಚು ತೊಳಿ. ತೊಳೆಯುವ ಆಸೆಯನ್ನೆಲ್ಲ ಅದರ ಮೇಲೆ ತೀರಿಸು."

ಅಂದಿನಿಂದ ಇಂದಿನವರೆಗೆ ಬೆಂಚು ತೊಳೀತಾ ಇದ್ದೇನೆ. ಹಾಗಾಗಿ ಅಧಿಕಾರದಿಂದಲೇ ಹೇಳ್ತೇನೆ. ಬೆಕ್ಕನ್ನು ಯಾರೂ ಮೀಯಿಸಬೇಕಾಗಿಲ್ಲ. ಬೇಕು ಅನ್ನುವವರು ಇದ್ದರೆ ನಮ್ಮ ಹೋಟೆಲಿಗೆ ಬರಲಿ, ಮಾವನ ವರೆಗೆ ಹೋಗುದು ಬೇಡ, ನಾನೇ ಸಾಕು!

ಆದರೆ ಆ ಸಂಜೆ ನನಗೆ ಅಷ್ಟು ಬುದ್ಧಿ ಬಂದಿರಲಿಲ್ಲ. ಅವಮಾನ ಆಗಿತ್ತು. ಅಡಿಗೆಕೋಣೆಗೆ ಹೋಗಿ ಅಜ್ಜಿಯ ಹತ್ತಿರ, ಒಂದು ಬೆಕ್ಕಿನ ಮರಿಗೆ ಇಷ್ಟು ರಂಪ ಮಾಡುದುಂಟಾ, ಇವರಿಗೆ ತಲೆ ಸರಿ ಉಂಟಾ ಅಂತ ಗೊಣಗಿದೆ. ಅಜ್ಜಿ ಒಲೆಯ ಕೊಳ್ಳಿಯನ್ನು ಹಿಂದೆ ಎಳೆದು, ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

"ನೀನು ಹುಟ್ಟಿದ್ದು ಈ ಮನೆಯಲ್ಲೇ ಮಗಾ. ತಿಂಗಳು ತುಂಬುವ ಮೊದಲೇ ಬಂದುಬಿಟ್ಟೆ. ಇಷ್ಟೇ ಇದ್ದದ್ದು. ಅಳಲಿಕ್ಕೂ ಶಕ್ತಿ ಇಲ್ಲ. ಹುಟ್ಟಿದ ಕೂಸನ್ನು ಮೀಯಿಸದೆ ಇಡುದುಂಟಾ ಅಂತ ನಾನು ನೀರು ಕಾಯಿಸಿದೆ. ನಿನ್ನ ಮಾವ ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತ. ಆಗ ಮೀಸೆ ಸರಿಯಾಗಿ ಬಂದಿರಲಿಲ್ಲ ಅವನಿಗೆ. ನೀರು ಹೊಯ್ದರೆ ಕೂಸು ಉಳಿಯುದಿಲ್ಲ ಅಂದ. ಯಾರು ಹೇಳಿದ್ದು ನಿನಗೆ ಅಂತ ಕೇಳಿದೆ. ಯಾರೂ ಹೇಳಿಲ್ಲ ಅಮ್ಮ, ನನಗೆ ಹೆದರಿಕೆ ಆಗ್ತದೆ ಅಂದ. ನಾನು ಸಿಟ್ಟಿನಲ್ಲಿ ಆ ಬಿಸಿನೀರನ್ನು ಅವನ ಮೇಲೆಯೇ ಹೊಯ್ದೆ. ಅಲ್ಲಾಡಲಿಲ್ಲ. ನೀನು ಮೈ ಹಿಡಿಯುವ ವರೆಗೆ ಎದೆಗೆ ಕಟ್ಟಿಕೊಂಡೇ ಇದ್ದ, ನಿನ್ನ ಅಮ್ಮ ಹಾಲು ಕೊಡುವಾಗ ಮಾತ್ರ ಬಿಡುದು. ನಿನಗೆ ಮೊದಲ ನೀರು ಹೊಯ್ದದ್ದು ಅವನೇ, ಅಂಗೈಯಲ್ಲಿ ತೆಗೆದು, ತನ್ನ ಕೆನ್ನೆಗೆ ತಾಗಿಸಿ ನೋಡಿ. ನೀನು ಆ ದಿನ ಜೋರು ಅತ್ತೆ. ನಿನ್ನ ಸ್ವರ ಹೇಗುಂಟು ಅಂತ ನಮಗೆ ಗೊತ್ತಾದದ್ದೇ ಅವತ್ತು. ಅವ ನಿನ್ನನ್ನು ನನ್ನ ಕೈಗೆ ಕೊಟ್ಟು, ಹಿಂದೆ ಕಟ್ಟಿಗೆ ರಾಶಿಯ ಮರೆಗೆ ಹೋಗಿ ಅತ್ತ. ನಾನು ನೋಡಿಲ್ಲ ಅಂತಲೇ ಇವತ್ತಿಗೂ ಅವನ ಎಣಿಕೆ. ನಿನಗೆ ಗೊತ್ತುಂಟು ಅಂತ ನೀನೂ ತೋರಿಸಲಿಕ್ಕೆ ಹೋಗಬೇಡ."